ಉಪ್ಪಿಟ್ಟು ತಿನ್ನಿಸಿ ಆರಿಸಿದ ಪಾಲುದಾರ

ನಿಮ್ಮ ಕಂಪನಿ ಡಿಜಿಟಲ್ ಆಗುವಾಗ ಪಾಲುದಾರರನ್ನು ಹೇಗೆ ಆರಿಸಿದಿರಿ ಎಂದು ಮೊನ್ನೆ ಒಬ್ಬರು ನನ್ನ ಪೋಸ್ಟಿನ ಕೆಳಗೆ ಕೇಳಿದ್ದರು. ಅವರದ್ದೂ ಸಣ್ಣ ಕಂಪನಿಯಂತೆ. ಆ್ಯಪ್ ಮಾಡಿಕೊಡುತ್ತೇವೆ ಎಂದು ಯಾರ್ಯಾರೋ ಬಂದು ಹೋಗುತ್ತಿದ್ದಾರಂತೆ, ಯಾರನ್ನು ಒಪ್ಪಬೇಕೋ ತಿಳಿಯುತ್ತಿಲ್ಲವಂತೆ. ನಾನು ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಿತ್ತು: ನಾವು ಬಂದವರಿಗೆಲ್ಲ ಉಪ್ಪಿಟ್ಟು ಕೊಟ್ಟೆವು, ಯಾರು ಚೆನ್ನಾಗಿ ತಿಂದರೋ ಅವರನ್ನು ಒಪ್ಪಿಕೊಂಡೆವು. ನಗಬೇಡಿ. ನಗುವ ಭಾಗ ಬೇಗ ಮುಗಿದುಹೋಗುತ್ತದೆ.

ನಮ್ಮದು ಬಾಗಿನದ ಕಂಪನಿ. ಹೌದು, ಅದೇ ಬಾಗಿನ. ಗೌರಿ ಹಬ್ಬಕ್ಕೆ ತವರಿನಿಂದ ಮಗಳಿಗೆ ಹೋಗುತ್ತದಲ್ಲ, ಅರಿಶಿನ ಬಳಿದ ಜೋಡಿ ಮೊರ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ. ನಾನು ಮತ್ತು ನನ್ನ ಗೆಳತಿ ಸೇರಿ ಶುರು ಮಾಡಿದ್ದು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು, ಮದುವೆಯಾಗಿ ಬಂದದ್ದೂ ಬಸವನಗುಡಿಯ ಅಕ್ಕಪಕ್ಕದ ರಸ್ತೆಗಳಿಗೆ. ಮೊದಲು ನಮ್ಮ ಮನೆಯ ತಾರಸಿಯ ಮೇಲೆ ಮೊರಕ್ಕೆ ಅರಿಶಿನ ಹಚ್ಚಿ ಒಣಗಿಸುತ್ತಿದ್ದೆವು. ಆಮೇಲೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಒಂದು ಹಾಲ್ ಹಿಡಿದೆವು, ಕೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡೆವು, ಅವೆನ್ಯೂ ರಸ್ತೆಯಲ್ಲಿ ನಮ್ಮ ಹೆಸರು ಅಚ್ಚು ಹಾಕಿಸಿದ ರಟ್ಟಿನ ಪೆಟ್ಟಿಗೆ ಮಾಡಿಸಿದೆವು. ಪ್ರೈವೇಟ್ ಲಿಮಿಟೆಡ್ ಆದ ದಿನ ನನ್ನ ಅತ್ತೆ ನಮ್ಮಿಬ್ಬರಿಗೂ ದೃಷ್ಟಿ ತೆಗೆದರು.

ಈ ವ್ಯಾಪಾರದಲ್ಲಿ ಮೊರ, ಬೇಳೆ ಯಾರಿಗೆ ಬೇಕಾದರೂ ಸಿಗುತ್ತದೆ. ನಮ್ಮ ಹತ್ತಿರ ಇದ್ದದ್ದು ಮನೆ ಪದ್ಧತಿ. ಒಬ್ಬರ ಮನೆಯ ಬಾಗಿನದಲ್ಲಿ ಉಪ್ಪು ಇಡುವಂತಿಲ್ಲ, ಇನ್ನೊಬ್ಬರಿಗೆ ಉಪ್ಪಿಲ್ಲದ ಬಾಗಿನ ಬಾಗಿನವೇ ಅಲ್ಲ. ಕೆಲವರಿಗೆ ಹಸಿರು ಬಳೆಯೇ ಆಗಬೇಕು. ಕೆಲವರ ಮನೆಯಲ್ಲಿ ಹಿಂದೆಂದೋ ಹಬ್ಬದ ದಿನ ಏನೋ ಕೆಟ್ಟದ್ದು ನಡೆದು, ಅಂದಿನಿಂದ ಯಾವುದೋ ಒಂದು ಬೇಳೆ ನಿಂತುಹೋಗಿರುತ್ತದೆ. ಯಾಕೆ ಎಂದು ಕೇಳಬಾರದು, ನೆನಪಿಟ್ಟುಕೊಳ್ಳಬೇಕು. ಇವೆಲ್ಲ ಇದ್ದದ್ದು ನನ್ನ ತಲೆಯಲ್ಲಿ. ಗಿರಾಕಿಗಳು ಫೋನ್ ಮಾಡಿ "ನಮ್ಮನೇದು ಕಣ್ರೀ, ಹೋದ ಸಲದ ಹಾಗೆ" ಎಂದು ಇಟ್ಟುಬಿಡುತ್ತಿದ್ದರು. ಸೊಸೆಯಂದಿರಿಗೆ ತಮ್ಮ ಮನೆಯ ಪದ್ಧತಿ ಮರೆತುಹೋದರೆ ನನ್ನನ್ನು ಕೇಳುತ್ತಿದ್ದರು.

ಲಾಕ್‌ಡೌನ್ ಮುಗಿದ ಮೇಲೆ ನೋಡಿದರೆ ತಲೆಮಾರೇ ಬದಲಾಗಿತ್ತು. ಆರ್ಡರ್ ಮಾಡುವವರು ಈಗ ಅಮ್ಮಂದಿರಲ್ಲ, ಮಕ್ಕಳು. ಅವರು ಫೋನಿನಲ್ಲಿ ಮಾತಾಡುವುದಿಲ್ಲ, ಒತ್ತುತ್ತಾರೆ. ತರಕಾರಿ ತರುವ ಆ್ಯಪ್‌ನಲ್ಲೇ ಪ್ಲಾಸ್ಟಿಕ್ ಸುತ್ತಿದ ಅಂಗೈಯಗಲದ ಮೊರ ಸಿಗತೊಡಗಿತು. ಆ ವರ್ಷ ಹಬ್ಬ ಮುಗಿದಾಗ ನಮ್ಮ ಹಾಲಿನಲ್ಲಿ ಅರಿಶಿನ ಹಚ್ಚಿದ ಮೊರಗಳು ಗೋಡೆಯುದ್ದಕ್ಕೂ ಉಳಿದಿದ್ದವು. ಗೆಳತಿ ಅವುಗಳ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದಳು:

"ನೋಡೇ, ನಾವೂ ಆನ್‌ಲೈನ್ ಹೋಗ್ಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಈ ಮೊರದಲ್ಲಿ ನಮ್ಮನೇ ಕೇರಿ ಬಿಸಾಕ್ತಾರೆ."

ಸರಿಯಾಗಿಯೇ ಹೇಳಿದ್ದಳು. ಆದರೆ ನಮಗೆ ಆ್ಯಪ್ ಮಾಡಲು ಬರುವುದಿಲ್ಲ, ಮನೆಮನೆಗೆ ತಲುಪಿಸಲು ಗಾಡಿಗಳಿಲ್ಲ. ಯಾರಾದರೂ ಜೊತೆಗೆ ಬೇಕು. ಜೊತೆ ಎಂದಮೇಲೆ ನಮಗೆ ಗೊತ್ತಿದ್ದದ್ದು ಒಂದೇ ವಿಧಾನ. ಸಂಬಂಧ ನೋಡುವ ವಿಧಾನ. ಹಾಲ್ ಬೇಡ, ಮನೆಗೇ ಕರೆಯೋಣ, ಕೂತು ಮಾತಾಡೋಣ, ನಡವಳಿಕೆ ಗೊತ್ತಾಗುತ್ತದೆ ಎಂದರು ಅತ್ತೆ. ಅವರ ಮಾತಿಗೆ ನಾವಿಬ್ಬರೂ ಎದುರಾಡುತ್ತಿರಲಿಲ್ಲ. ಬಾಗಿನದ ವಿದ್ಯೆಯೆಲ್ಲ ಅವರಿಂದಲೇ ಬಂದದ್ದು, ತಮಾಷೆಗೆ ಅವರನ್ನು ಚೇರ್ಮನ್ ಎನ್ನುತ್ತಿದ್ದೆವು. ಭಾನುವಾರ ಒಳ್ಳೆಯ ಹೊತ್ತು ನೋಡಿ ಉಪ್ಪಿಟ್ಟು, ಕೇಸರಿಬಾತು ಮಾಡಿದೆವು.

ಮೊದಲು ಬಂದವರು ದೊಡ್ಡ ಕಂಪನಿಯವರು. ಕಾಲುಚೀಲ ಬಿಚ್ಚಲಿಲ್ಲ. ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿ, ನಾವು ಮುಂದೆ ಹೇಗೆ ದೇಶವನ್ನೆಲ್ಲ ಮೊರದಲ್ಲಿ ತುಂಬುತ್ತೇವೆ ಎಂದು ವಿವರಿಸಿದರು. ಕೇಸರಿಬಾತನ್ನು ಚಮಚದ ತುದಿಯಲ್ಲಿ ಮುಟ್ಟಿ, "ಶುಗರ್ ಬಿಟ್ಟಿದ್ದೀವಿ" ಎಂದರು. ಅವರು ಗೇಟು ದಾಟುವ ಮೊದಲೇ ಅತ್ತೆ ತೀರ್ಪು ಕೊಟ್ಟರು: "ಇವರು ನಮ್ಮನ್ನ ಮನೆ ಅಳಿಯ ಮಾಡ್ಕೊಂಡ್ಬಿಡ್ತಾರೆ ಕಣ್ರೇ. ಬೇಡ."

ಆಮೇಲೆ ಮಲ್ಲೇಶ್ವರದಿಂದ ಒಬ್ಬ ಹೆಂಗಸು ಬಂದಳು. ನಮಗಿಂತ ಚಿಕ್ಕವಳು, ತಮ್ಮನ ಜೊತೆ ಸಣ್ಣ ಕಂಪನಿ ನಡೆಸುತ್ತಿದ್ದಳು. ಕೂತವಳೇ ಬ್ಯಾಗಿನಿಂದ ಪೆನ್ನು ತೆಗೆದಳು. ಗಿರಾಕಿಗಳ ವಿವರ ಈಗ ಎಲ್ಲಿದೆ, ಯಾರು ಯಾರು ನೋಡಬಹುದು ಎಂದು ಕೇಳಿದಳು. ನನ್ನ ತಲೆಯಲ್ಲಿದೆ ಎಂದೆ. ಅವಳು ನಗಲಿಲ್ಲ.

"ಹಾಗಾದ್ರೆ ಮೇಡಂ, ಮೊದಲು ಒಂದು ವಿಷಯ ಇತ್ಯರ್ಥ ಮಾಡ್ಕೊಳ್ಳೋಣ. ನಾಳೆ ನೀವು, ನಾವು ಬೇರೆ ಆದ್ವಿ ಅಂತಿಟ್ಕೊಳ್ಳಿ. ಆಗ ಆ ವಿವರ ಎಲ್ಲ ಯಾರ ಹತ್ರ ಉಳಿಯುತ್ತೆ? ಯಾರು ಅಳಿಸ್ಬೇಕು? ಇದನ್ನ ಶುರುನಲ್ಲೇ ಬರ್ಕೋಬೇಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಬೇಕಿತ್ತು. "ಏನಮ್ಮಾ ಇದು, ಇನ್ನೂ ತಾಂಬೂಲ ಬದಲಾಯಿಸಿಲ್ಲ, ಆಗ್ಲೇ ಬಿಟ್ಟು ಹೋಗೋ ಮಾತಾ? ಮದುವೆ ಮಾತುಕತೆಗೆ ಕೂತಾಗ ಯಾರಾದ್ರೂ ಡೈವೋರ್ಸ್ ಬಗ್ಗೆ ಕೇಳ್ತಾರಾ?"

"ಕೇಳ್ಬೇಕು ಅಮ್ಮ. ಮದುವೆಗೂ ಕೇಳಿದ್ರೆ ಒಳ್ಳೇದೇ," ಎಂದಳು ಅವಳು ಶಾಂತವಾಗಿ. ಉಪ್ಪಿಟ್ಟನ್ನು ಅರ್ಧ ಬಿಟ್ಟಳು. ಹೊಟ್ಟೆ ತುಂಬಿದೆ ಎಂದಳು. ಅವಳು ಹೋದಮೇಲೆ ಅತ್ತೆ ಬಾಗಿಲಿಗೆ ನೀರು ಚಿಮುಕಿಸಿದರು. ಗೆಳತಿ ಸುಮ್ಮನೆ ತಟ್ಟೆ ಎತ್ತಿದಳು. ಅವಳ ಆ ಸುಮ್ಮನಿರುವಿಕೆ ನನಗೆ ಈಗ ನೆನಪಾಗುತ್ತದೆ. ಆಗ ಯಾರಿಗೆ ಗಮನ.

ಕೊನೆಗೆ ಬಂದವನು ಚಾಮರಾಜಪೇಟೆಯವನು. ನಲವತ್ತರ ಆಸುಪಾಸು. ಗೆಳತಿಯೇ ಹುಡುಕಿ ತಂದ ಸಂಬಂಧ, "ನಮ್ಮ ಯಜಮಾನ್ರ ಕಡೆ ಗೊತ್ತಿರೋರಿಗೆ ಗೊತ್ತು" ಎಂದಿದ್ದಳು. ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು, ಕಾಲು ತೊಳೆದು ಒಳಗೆ ಬಂದ. ಕೈಯಲ್ಲಿ ಮಲ್ಲಿಗೆ ಹೂವು, ಹಣ್ಣು. ಅತ್ತೆಯ ಕಾಲಿಗೆ ನಮಸ್ಕಾರ. ಉಪ್ಪಿಟ್ಟನ್ನು ಕೈಯಲ್ಲೇ ಕಲಸಿ ತಿಂದು, "ಅಮ್ಮಾ, ಇನ್ನೊಂದ್ ಸೌಟು ಹಾಕಿ, ನಾಚಿಕೆ ಬಿಟ್ಟು ಕೇಳ್ತಿದೀನಿ" ಎಂದ. ಅತ್ತೆ ಕರಗಿಯೇ ಹೋದರು. ನನ್ನನ್ನು ಅಕ್ಕ ಎಂದ. ನಾವು ಅವನ ತಾಯಿಯ ಬಗ್ಗೆ ಕೇಳಿದೆವು, ಹೆಂಡತಿಯ ತವರಿನ ಬಗ್ಗೆ ಕೇಳಿದೆವು, ಅವರ ಮನೆಯಲ್ಲಿ ಗೌರಿ ಕೂರಿಸುವ ಪದ್ಧತಿ ಉಂಟೋ ಎಂದು ಕೇಳಿದೆವು. ಎಲ್ಲದಕ್ಕೂ ಒಳ್ಳೆಯ ಉತ್ತರ ಕೊಟ್ಟ. ತಿಂದ ತಟ್ಟೆಯನ್ನು ತಾನೇ ಎತ್ತಿ ತೊಳೆಯಲು ಹೋದ. ಮಲ್ಲೇಶ್ವರದವಳು ಕೇಳಿದ ಪ್ರಶ್ನೆಯನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅಪಶಕುನ ಎಂದು ಅದಾಗಲೇ ತೀರ್ಮಾನವಾಗಿತ್ತಲ್ಲ.

ನಮ್ಮಂಥ ಸಣ್ಣವರು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಆಮೇಲೆ ವ್ಯಾಪಾರಿಗಳ ಸಭೆಗಳಲ್ಲಿ ದೊಡ್ಡ ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ನಮ್ಮ ಕಾಲೇಜಿನವನು, ನನ್ನ ಭಾವಮೈದನ ಕ್ಲಬ್ಬಿನವನು, ಒಳ್ಳೆ ಮನುಷ್ಯ ಕಣ್ರೀ. ಅವರ ಉಪ್ಪಿಟ್ಟು ಹೋಟೆಲಿನದು, ಅಷ್ಟೇ ವ್ಯತ್ಯಾಸ.

ಒಪ್ಪಂದಕ್ಕೆ ಸಹಿ ಹಾಕಿದ ದಿನ ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ. ಗೆಳತಿ ಅಲ್ಲಿಗೇ ಕಾಗದ ತಂದಳು.

"ಓದ್ಬೇಕೇನೇ?" ಎಂದೆ.

"ನಾನು ಓದಿದೀನಿ. ಹಾಕು."

ಒಂದೇ ಬೆಂಚಿನಲ್ಲಿ ಕೂತು ಅವಳ ಹೋಮ್‌ವರ್ಕ್ ನೋಡಿ ಬರೆದವಳು ನಾನು. ಅವಳು ಓದಿದರೆ ನಾನು ಓದಿದ ಹಾಗೆಯೇ. ಹಾಕಿದೆ.

ಆಮೇಲೆ ಆಷಾಢವಿಡೀ ಅವನು ನಮ್ಮ ಹಾಲಿಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ. ನಾನು ಒಂದೊಂದೇ ಮನೆಯ ಪದ್ಧತಿ ಹೇಳುವುದು, ಅವನು ಒತ್ತುವುದು, ಗೆಳತಿ ಪಕ್ಕದಲ್ಲಿ ಕೂತು ಬೇಳೆ ಕಟ್ಟುತ್ತಾ ಕೇಳುವುದು. "ಅಕ್ಕ, ನೀವು ನಡೆದಾಡೋ ಪಂಚಾಂಗ" ಎಂದು ಅವನು ಹೊಗಳಿದಾಗ ಉಬ್ಬಿದ್ದೂ ಉಂಟು. ಆದರೆ ಒಂದು ಮನೆ ಬಂದಾಗ ನಾನು ನಿಲ್ಲಿಸಿದೆ.

ಅದು ಚಾಮರಾಜಪೇಟೆಯ ಒಬ್ಬ ನಿವೃತ್ತ ಟೀಚರ್ ಮನೆ. ನಮಗಿಬ್ಬರಿಗೂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು, ಇಂದಿಗೂ ನಮಗೆ ಅವರು ಮಿಸ್. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಬಾಗಿನದ ಆರ್ಡರನ್ನು ಪ್ರತಿವರ್ಷ ಮಿಸ್ ಯಜಮಾನರೇ ತಮ್ಮ ಮೊಬೈಲಿನಿಂದ ಮಾಡುತ್ತಿದ್ದರು. ಚಿಕ್ಕವಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬಿನ್ನಿಪೇಟೆಯಲ್ಲಿ ಮನೆ ಮಾಡಿದ ದಿನದಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಮಗಳ ಜೊತೆ ಮಾತಾಡುವುದಿಲ್ಲ, ಫೋನ್ ಮಾಡುವುದಿಲ್ಲ, ನೋಡಲು ಹೋಗುವುದಿಲ್ಲ ಎಂದು ಯಜಮಾನರು ಮಿಸ್ ಕೈಯಲ್ಲಿ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದರು. ಆ ಮದುವೆಯಾದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಮಿಸ್ ಹೂವು ಕೊಳ್ಳುವ ನೆಪದಲ್ಲಿ ಗಾಂಧಿ ಬಜಾರಿಗೆ ಬಂದು ನಮ್ಮ ಹಾಲಿನ ಮೆಟ್ಟಿಲು ಹತ್ತಿದರು.

"ಬಾಗಿನ ಕಳಿಸಲ್ಲ ಅಂತ ಆಣೆ ಹಾಕಿಲ್ಲ ಕಣಮ್ಮ ನಾನು," ಎಂದರು. "ಅವರು ಅದನ್ನ ಕೇಳಲಿಲ್ಲ. ನಾನೂ ನೆನಪಿಸಲಿಲ್ಲ."

ಅಂದಿನಿಂದ ಪ್ರತಿವರ್ಷ ಹಾಗೆಯೇ. ಮಿಸ್ ಬರುತ್ತಿದ್ದರು, ನಮ್ಮ ನೆಲದ ಮೇಲೆ ಕೂತು ಬಾಗಿನವನ್ನು ತಮ್ಮ ಕೈಯಾರೆ ತುಂಬುತ್ತಿದ್ದರು, ಮೇಲಿನ ಮೊರ ಮುಚ್ಚಿ ಒಂದು ಗಳಿಗೆ ಅದರ ಮೇಲೆ ಕೈಯಿಟ್ಟು, ಹೂವಿನ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಅದನ್ನು ನಾನು ಬಿನ್ನಿಪೇಟೆಗೆ ಕಳಿಸುತ್ತಿದ್ದೆ. ಮಗಳು ಬಾಗಿಲಲ್ಲಿ ತೆಗೆದುಕೊಂಡು, ತಂದವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದಳು. ಆ ಕಾಯಿಯನ್ನು ಹಬ್ಬ ಕಳೆದ ಮೇಲೆ ಮಿಸ್ ಬಂದು ಒಯ್ಯುತ್ತಿದ್ದರು. ತಾಯಿ ಮಗಳ ನಡುವೆ ಇದ್ದದ್ದು ಇಷ್ಟು. ಇದು ಗೊತ್ತಿದ್ದದ್ದು ನನಗೆ, ನನ್ನ ಗೆಳತಿಗೆ.

"ಈ ಮನೇದು ದೊಡ್ಡ ಮಗಳದ್ದು ಮಾತ್ರ ಬರ್ಕೊಳ್ಳಿ," ಎಂದೆ ಅವನಿಗೆ.

"ಇನ್ನೊಂದೂ ಇದೆ ಅನ್ಸುತ್ತಲ್ಲ ಅಕ್ಕ, ಬಿನ್ನಿಪೇಟೆ ಕಡೆಗೆ?" ಎಂದು ಅವನು ತಲೆಯೆತ್ತದೆ ಕೇಳಿದ. ಹೋದ ವರ್ಷ ನಾವು ಕಳಿಸಿದ ವಿಳಾಸಗಳು ಅವನ ಬಳಿ ಇದ್ದವು.

"ಅದು ಬೇಡ. ಅದು ವ್ಯಾಪಾರ ಅಲ್ಲ."

ಗೆಳತಿಗೂ ಹೇಳಿದೆ, "ಅದನ್ನ ಮಾತ್ರ ಬಿಟ್ಬಿಡೋಣ ಕಣೇ." ಅವಳು ಬೇಳೆಯ ಪೊಟ್ಟಣಕ್ಕೆ ದಾರ ಸುತ್ತುತ್ತಾ, "ಹ್ಞೂಂ" ಎಂದಳು.

ಮೊದಲ ಹಬ್ಬ ಚೆನ್ನಾಗಿಯೇ ನಡೆಯಿತು. ಸುಳ್ಳು ಹೇಳುವುದಿಲ್ಲ. ಆ್ಯಪ್ ಕೆಲಸ ಮಾಡಿತು, ಹೊಸ ಹುಡುಗಿಯರು ಆರ್ಡರ್ ಮಾಡಿದರು, ಹಾಲಿನಲ್ಲಿ ಒಂದೂ ಮೊರ ಉಳಿಯಲಿಲ್ಲ. ಅವನು ಹಬ್ಬಕ್ಕೆ ಮನೆಗೆ ಬಂದು ಊಟ ಮಾಡಿದ, ಅತ್ತೆ ಅವನಿಗೆ ಪಂಚೆ ಶಲ್ಯ ಕೊಟ್ಟರು. ನಾನು ಅವನ ಬಗ್ಗೆ ಫೇಸ್‌ಬುಕ್ಕಿನಲ್ಲಿ ಉದ್ದನೆಯ ಪೋಸ್ಟ್ ಬರೆದೆ. ಅದನ್ನು ಅಳಿಸಿದ್ದೇನೆ, ಹುಡುಕಬೇಡಿ.

ಮರುವರ್ಷ ಶ್ರಾವಣದ ಕೊನೆಗೆ ಒಂದು ಮಧ್ಯಾಹ್ನ ಮಿಸ್ ಫೋನ್ ಮಾಡಿದರು. ಅವರು ಎಂದೂ ಫೋನ್ ಮಾಡುವವರಲ್ಲ. ಧ್ವನಿ ತರಗತಿಯಲ್ಲಿ ಪಾಠ ಓದುವಂತೆ ಸಮನಾಗಿತ್ತು.

"ನಮ್ಮನೆಯವರ ಮೊಬೈಲಿಗೆ ಒಂದು ಮೆಸೇಜ್ ಬಂದಿದೆ ಕಣಮ್ಮ. ಓದ್ತೀನಿ, ಕೇಳು. ‘ಗೌರಿ ಹಬ್ಬ ಬಂತು! ಹಿರಿಯ ಮಗಳಿಗೆ ಹಸಿರು ಬಳೆಯ ಬಾಗಿನ, ಬಿನ್ನಿಪೇಟೆಯ ಕಿರಿಯ ಮಗಳಿಗೆ ಎಂದಿನಂತೆ ಅಮ್ಮನ ಕೈಯಾರೆ ತುಂಬಿದ ಬಾಗಿನ. ಈ ವರ್ಷವೂ ಕಳಿಸೋಣವೇ?’ ಕೆಳಗೆ ಒಂದು ದೀಪದ ಚಿತ್ರ ಇದೆ."

"ಅವರು ನೋಡಿದ್ರಾ ಮಿಸ್?"

"ಅವರೇ ತಂದು ನನ್ನ ಕೈಗೆ ಕೊಟ್ಟಿದ್ದು," ಎಂದು ಇಟ್ಟರು.

ಕನ್ನಡ ಚೆನ್ನಾಗಿತ್ತು, ತಪ್ಪಿಲ್ಲದ ಕನ್ನಡ. ಆದರೆ ನಮ್ಮ ಆ್ಯಪಿಗೆ ಆ ಮಾತು ಹೇಳಿದವರು ಯಾರು? ‘ಅಮ್ಮನ ಕೈಯಾರೆ’ ಎಂಬುದು ಯಾವ ವಿಳಾಸದಲ್ಲೂ ಇರುವುದಿಲ್ಲ. ಮಿಸ್ ಮನೆಯ ಪಕ್ಕದಲ್ಲೇ ಇರುವ ಇನ್ನೊಬ್ಬ ಗಿರಾಕಿಗೆ ಫೋನ್ ಮಾಡಿ, ನಿಮಗೂ ಹೀಗೇನಾದರೂ ಬಂತಾ ಎಂದು ಕೇಳಿದೆ. ಬಂದಿದೆ, ಆದರೆ ನಿಮ್ಮ ಹೆಸರಲ್ಲಲ್ಲ, ಯಾವುದೋ ಹೊಸ ಕಂಪನಿ, ನಿಮ್ಮದೇ ಇನ್ನೊಂದು ಅಂದ್ಕೊಂಡ್ವಿ ಎಂದರು. ಉಪ್ಪು ಇಡಬಾರದು ಎಂಬುದೂ ಅದರಲ್ಲಿ ಸರಿಯಾಗಿ ಬರೆದಿತ್ತಂತೆ.

ಹಾಲಿಗೆ ಹೋದೆ. ಗೆಳತಿ ಹೆಂಗಸರ ಜೊತೆ ಕೂತು ಮೊರಕ್ಕೆ ಅರಿಶಿನ ಹಚ್ಚುತ್ತಿದ್ದಳು. ಮೊಣಕೈವರೆಗೆ ಹಳದಿ.

"ಮಿಸ್ ಮನೆ ವಿಷಯ ನೀನು ಹೇಳಿದ್ಯಾ ಅವನಿಗೆ?"

"ಯಾವ ವಿಷಯ?"

"ನಾಟಕ ಬೇಡ."

ಅವಳು ಮೊರ ಕೆಳಗಿಟ್ಟಳು. "ಹೇಳ್ದೆ. ಅದಕ್ಕೇನೀಗ? ವರ್ಷ ವರ್ಷ ಹೋಗೋ ಬಾಗಿನ ತಾನೇ. ಅವರ ಯಜಮಾನ್ರಿಗೆ ಮೆಸೇಜ್ ಹೋಗುತ್ತೆ ಅಂತ ನನಗೆ ಕನಸು ಬಿದ್ದಿತ್ತಾ?"

"ಬಿಟ್ಬಿಡೋಣ ಅಂದಿದ್ದೆ."

"ಹೌದಪ್ಪಾ, ನೀನು ಬಿಡು ಅಂದ್ರೆ ಬಿಡ್ಬೇಕು, ಇಡು ಅಂದ್ರೆ ಇಡ್ಬೇಕು. ಇಷ್ಟ್ ವರ್ಷ ಅದೇ ತಾನೇ ಮಾಡಿದ್ದು? ಫೋನ್ ನಾನೆತ್ತಿದ್ರೆ ‘ಅವರಿಲ್ವಾ? ಅವರಿಗೇ ಕೊಡಿ’. ಕಂಪನಿ ಇಬ್ಬರದ್ದು, ಗಿರಾಕಿಗಳು ಒಬ್ಬಳದ್ದು. ನಾನೇನು ಇಲ್ಲಿ ಟೆಲಿಫೋನ್ ಆಪರೇಟರಾ? ನಾಳೆ ನಿನಗೇನಾದ್ರೂ ಆದ್ರೆ ನಾನು ಯಾರ ಮನೆ ಉಪ್ಪು, ಯಾರ ಮನೆ ಬಳೆ ಅಂತ ಎಲ್ಲಿ ಹೋಗಿ ಕೇಳ್ಲಿ?"

ಆ ಮಾತಿನಲ್ಲಿ ನಿಜವಿತ್ತು. ಅದಕ್ಕೇ ಹೆಚ್ಚು ಉರಿಯಿತು. ಅರಿಶಿನ ಹಚ್ಚುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದರು.

"ಅದು ನಮ್ಮ ಹೆಸರಲ್ಲಿ ಬಂದ ಮೆಸೇಜ್ ಅಲ್ಲ. ಬೇರೆ ಕಂಪನಿ. ಯಾರದ್ದದು?"

ಅವಳು ಮೊದಲ ಸಲ ಬೇರೆ ಕಡೆ ನೋಡಿದಳು. "ಅವರದ್ದೇ. ಹೊಸದು. ಮನೆ ಪದ್ಧತಿನೇ ಮಾರೋದು. ಬಾಗಿನ, ವ್ರತ, ನಾಮಕರಣ, ಎಲ್ಲಾ. ಅದಕ್ಕೆ ನನ್ನನ್ನ ಮುಖ್ಯಸ್ಥೆ ಮಾಡ್ತಾರಂತೆ. ಹಬ್ಬ ಆಗ್ಲಿ, ಆಮೇಲೆ ಹೇಳೋಣ ಅಂತಿದ್ದೆ."

"ಹಾಗಂತ ನಮ್ಮ ಮನೆಗಳನ್ನ ಅವನು ಹೇಗೆ ತಗೋತಾನೆ?"

"ತಗೋಬಹುದು. ಒಪ್ಪಂದದಲ್ಲೇ ಇದೆ."

"ಆಸ್ಪತ್ರೇಲಿ ಓದಿದೀನಿ ಅಂದ್ಯಲ್ಲೇ!"

"ಓದಿದ್ದೆ," ಎಂದಳು. "ಓದಿದೀನಿ ಅಂತಾನೇ ಹೇಳಿದ್ದು. ಚೆನ್ನಾಗಿದೆ ಅಂತ ನಾನಂದೆನಾ?"

"ಮಲ್ಲೇಶ್ವರದವಳು ಇದನ್ನೇ ಕೇಳಿದಾಗ ಅಪಶಕುನ ಅಂತ ಎಬ್ಬಿಸಿ ಕಳಿಸಿದ್ವಿ!"

"ಅಂದಿದ್ದು ನಿಮ್ಮತ್ತೆ. ನಾನು ಸುಮ್ನಿದ್ದೆ, ಅಷ್ಟೇ."

ಈ ಊರಿನಲ್ಲಿ ಹಳೆಯ ಗೆಳತಿಯರು ಜಗಳವಾಡಿದರೆ ಕೂದಲು ಹಿಡಿಯುತ್ತಾರೆ, ಇಲ್ಲ ಅಳುತ್ತಾರೆ, ಸಂಜೆಗೆ ಕಾಫಿ ಕುಡಿಯುತ್ತಾರೆ. ನಮ್ಮದು ಹಾಗಾಗಲಿಲ್ಲ. ಅವಳು ಕೈ ತೊಳೆದುಕೊಂಡಳು, ಉಗುರಿನ ಸಂದಿಯ ಹಳದಿಯನ್ನು ನಿಧಾನವಾಗಿ ಉಜ್ಜಿದಳು, ಬ್ಯಾಗ್ ತೆಗೆದುಕೊಂಡು ಮೆಟ್ಟಿಲಿಳಿದಳು. ಅಂದಿನಿಂದ ಹೂವಿನವರ ಸಾಲಿನಲ್ಲಿ ಎದುರಾದರೂ ನಾವು ಮಾತಾಡುವುದಿಲ್ಲ. ಅವಳು ಅವನ ಕಂಪನಿಗೆ ಹೋದಳು. ಹಾಲ್ ನನಗೆ ಉಳಿಯಿತು.

ಅವನಿಗೂ ಫೋನ್ ಮಾಡಿದೆ. ಆಗಲೂ ಅಕ್ಕ ಎಂದೇ ಮಾತಾಡಿದ. "ಅಕ್ಕ, ಸಿಸ್ಟಮ್ ತಾನಾಗೇ ಕಳಿಸಿದ್ದು. ಬೇಜಾರ್ ಮಾಡ್ಕೋಬೇಡಿ. ಅಮ್ಮ ಹೇಗಿದ್ದಾರೆ, ಕಣ್ಣು ಸರಿಯಾಯ್ತಾ?" ಅತ್ತೆಯ ಕಣ್ಣಿನ ಬಗ್ಗೆ ಅವನಿಗೆ ನಿಜಕ್ಕೂ ಕಾಳಜಿ ಇತ್ತೋ ಏನೋ. ಇವತ್ತಿಗೂ ನನಗೆ ಅದು ಗೊತ್ತಾಗಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಮಲ್ಲೇಶ್ವರದವಳಿಗೂ ಫೋನ್ ಮಾಡಿದೆ. ಅವಳು ಹಂಗಿಸಲಿಲ್ಲ. ಇನ್ನು ಮುಂದೆ ಮೆಸೇಜ್ ಹೋಗದಂತೆ ಏನು ಮಾಡಬೇಕು, ಯಾರಿಗೆ ಬರೆಯಬೇಕು ಎಂದೆಲ್ಲ ತಾಳ್ಮೆಯಿಂದ ಹೇಳಿದಳು.

"ಮತ್ತೆ ಈಗಾಗ್ಲೇ ನೋಡಿದವರು?" ಎಂದೆ.

"ನೋಡಿದ್ದನ್ನ ಅಳಿಸೋಕೆ ಯಾರ ಹತ್ರಾನೂ ಬಟನ್ ಇಲ್ಲ ಮೇಡಂ."

ಹಬ್ಬಕ್ಕೆ ಒಂದು ವಾರ ಇರುವಾಗ ಮಿಸ್ ಮನೆಗೆ ಹೋದೆ. ಗೇಟಿನ ಚಿಲಕದ ಸದ್ದಿಗೆ ಅವರೇ ಹೊರಗೆ ಬಂದರು. ಒಳಗೆ ಟೀವಿಯ ವಾರ್ತೆ ಜೋರಾಗಿ ಕೇಳುತ್ತಿತ್ತು, ಆಮೇಲೆ ಯಾರೋ ಅದನ್ನು ಸಣ್ಣದು ಮಾಡಿದರು.

"ಒಳಗೆ ಬಾ ಅನ್ನೋಕಾಗಲ್ಲ ಕಣಮ್ಮ."

"ಮಿಸ್, ದೇವರಾಣೆಗೂ ನಾನು ಹೇಳಿರಲಿಲ್ಲ. ಅವಳು..."

"ಯಾರು ಹೇಳಿದ್ದು ಅಂತ ನಾನು ಕೇಳ್ಲಿಲ್ವಲ್ಲ," ಎಂದರು. "ನೀವಿಬ್ರೂ ನನ್ನ ಮಕ್ಕಳೇ, ಒಂದೇ ಬೆಂಚಿನೋರು. ನಾನು ನಿನಗೆ ಹೇಳಿದ್ದೆ. ಕಂಪನಿಗೆ ಹೇಳಿರಲಿಲ್ಲ. ಎರಡೂ ಒಂದೇ ಅಂತ ನನಗೆ ಗೊತ್ತಿರಲಿಲ್ಲ."

"ಅವರು ಬೈದ್ರಾ?"

"ಬೈದಿದ್ರೆ ವಾಸಿ ಇತ್ತು. ‘ಎಷ್ಟ್ ವರ್ಷದಿಂದ?’ ಅಂದ್ರು. ಅಷ್ಟೇ. ಈಗ ಹೂವು ತರೋಕೂ ಜೊತೆಗೆ ಬರ್ತಾರೆ." ಒಳಗಿನಿಂದ ಕೆಮ್ಮಿದ ಸದ್ದು ಬಂತು. ಮಿಸ್ ಗೇಟಿನ ಮೇಲಿದ್ದ ಕೈ ತೆಗೆದರು. "ಈ ಸಲ ಆಣೇಲಿ ಬಾಗಿನಾನೂ ಸೇರಿಸಿದ್ರು. ಕಳಿಸಲ್ಲ, ವಿಚಾರಿಸಲ್ಲ, ಯಾರ ಕೈಲೂ ಹೇಳಿ ಕಳಿಸಲ್ಲ. ನೀನಿನ್ನು ಫೋನ್ ಮಾಡ್ಬೇಡ. ಇಲ್ಲಿಗೂ ಬರ್ಬೇಡಮ್ಮ. ನನ್ನ ಕಷ್ಟ ಜಾಸ್ತಿ ಮಾಡ್ಬೇಡ."

ಹಾಲಿಗೆ ವಾಪಸ್ಸು ಬಂದು ಹೆಂಗಸರಿಗೆ ಕೆಲಸ ಹೇಳಿದೆ. ಕೆಲವು ಮನೆಗಳು ಆ ವರ್ಷ ನಮ್ಮ ಹತ್ತಿರವೇ ತೆಗೆದುಕೊಂಡವು, ಕೆಲವು ಅವನ ಕಡೆ ಹೋದವು. ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬೇಕಾದದ್ದು ತಮ್ಮ ಮನೆಯ ಪದ್ಧತಿ, ಅದು ಅಲ್ಲಿಯೂ ತಪ್ಪಿಲ್ಲದೆ ಸಿಗುತ್ತಿತ್ತು, ನನ್ನ ಬಾಯಿಂದಲೇ ಹೋದದ್ದಲ್ಲವೇ. ಆದರೆ ಒಂದು ಬಾಗಿನವನ್ನು ನಾನು ಯಾರ ಆರ್ಡರೂ ಇಲ್ಲದೆ ತುಂಬಿದೆ. ಮಿಸ್ ತುಂಬುತ್ತಿದ್ದ ಕ್ರಮದಲ್ಲೇ, ಮೊದಲು ಅಕ್ಕಿ, ಕೊನೆಗೆ ಬಳೆ. ಆ ಹುಡುಗಿ ಹಬ್ಬದ ದಿನ ಬಾಗಿಲ ಕಡೆ ನೋಡುತ್ತಾ ಕೂರುವುದು ನನ್ನಿಂದ ಸಹಿಸಲಾಗಲಿಲ್ಲ.

ಗೌರಿಯ ದಿನ ಬೆಳಿಗ್ಗೆ ನಾನೇ ಆಟೋದಲ್ಲಿ ಬಿನ್ನಿಪೇಟೆಗೆ ಹೋದೆ. ಎರಡನೇ ಮಹಡಿ, ಬಾಗಿಲಿಗೆ ಮಾವಿನ ತೋರಣ. ಅವಳೇ ತೆರೆದಳು. ಹೊಸ ಸೀರೆ, ಕೈತುಂಬ ಬಳೆ. ಒಳಗೆ ಗೌರಿಯ ಮುಂದೆ ಒಂದು ಮಣೆ ಖಾಲಿ ಇಟ್ಟು ರಂಗೋಲಿ ಬಿಟ್ಟಿದ್ದಳು.

"ಆಂಟಿ! ಈ ಸಲ ನೀವೇ ಬಂದ್ರಾ? ಬನ್ನಿ, ಬನ್ನಿ." ಮೊರಕ್ಕೆ ಎರಡೂ ಕೈ ಚಾಚಿದವಳು ನನ್ನ ಮುಖ ನೋಡಿ ಹಾಗೇ ನಿಂತಳು. "ಅಮ್ಮ ಹುಷಾರಾಗಿದ್ದಾರೆ ತಾನೇ?"

"ಹುಷಾರಾಗಿದ್ದಾರೆ."

"ಅಮ್ಮ ತುಂಬಿದ್ದಾ ಇದು?"

ಹೌದು ಎಂದುಬಿಡಬಹುದಿತ್ತು. ಆಟೋದಲ್ಲಿ ಉದ್ದಕ್ಕೂ ಹೌದು ಎನ್ನುವುದನ್ನೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಆದರೆ ಆ ಹೊತ್ತಿಗೆ ನನಗೆ ಸುಳ್ಳುಗಳು ಸಾಕಾಗಿದ್ದವು. ಎಲ್ಲ ಹೇಳಿದೆ. ಮೆಸೇಜು, ಅವರಪ್ಪ, ಹೊಸ ಆಣೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ಮೊರ ನನ್ನ ಕೈಯಲ್ಲೇ ಇತ್ತು.

"ಅಪ್ಪಂಗೆ ಯಾರು ಮೆಸೇಜ್ ಕಳಿಸಿದ್ದು?"

"ನಮ್ಮ ಕಂಪನಿಯಿಂದ ಹೋದದ್ದು ಕಣಮ್ಮ," ಎಂದೆ. ಗೆಳತಿ, ಅವನು, ಒಪ್ಪಂದ ಎಂದೆಲ್ಲ ವಿವರಿಸಲು ಹೋಗಲಿಲ್ಲ. ಅವಳಿಗೆ ಅದರಿಂದ ಏನಾಗಬೇಕು?

ಅವಳು ಮೊರದ ಮೇಲಿನ ಅರಿಶಿನವನ್ನು ಬೆರಳಿನಿಂದ ಮುಟ್ಟಿದಳು, ಕೈ ಹಿಂದೆ ತೆಗೆದುಕೊಂಡಳು.

"ಬೇಡ ಆಂಟಿ. ತಪ್ಪು ತಿಳ್ಕೋಬೇಡಿ. ನೀವು ಪ್ರೀತಿಯಿಂದಾನೇ ತಂದಿದ್ದೀರಿ. ಆದ್ರೆ ತವರಿಂದ ಬಂದ್ರೆ ಬಾಗಿನ. ಇದನ್ನ ಇಟ್ಕೊಂಡು ನಾನು ಯಾರಿಗೆ ಅಂತ ಕಾಯಿ ಕೊಡ್ಲಿ?"

ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ನನ್ನ ಹಣೆಗೆ ಇಟ್ಟಳು. ಕುಂಕುಮ ನನ್ನ ಮೂಗಿನ ಮೇಲೆ ಉದುರಿತು. ನಾನು ತಿರುಗಿ ಎರಡು ಮೆಟ್ಟಿಲು ಇಳಿದ ಮೇಲೆ ಕರೆದಳು.

"ಆಂಟಿ, ಅಮ್ಮಂಗೆ ನಾನು ತಗೊಂಡೆ ಅಂತಾನೇ ಹೇಳಿ. ಬೇಡ ಅಂದ್ಳು ಅಂದ್ರೆ ಅಳ್ತಾರೆ. ಹೇಳ್ತೀರಲ್ವಾ?"

"ಹೇಳ್ತೀನಿ," ಎಂದೆ.

ಫೋನ್ ಮಾಡಬೇಡ, ಬರಬೇಡ ಎಂದ ಮಿಸ್‌ಗೆ ಅದನ್ನು ಹೇಳುವುದು ಹೇಗೆ ಎಂದು ಅವಳೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮೊದಲ ಮಹಡಿಯಲ್ಲಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ, ಹಬ್ಬದ ದಿನ ಬಾಗಿನ ಹಿಡಿದುಕೊಂಡು ಕೆಳಗಿಳಿಯುತ್ತಿದ್ದ ನನ್ನನ್ನು ನೋಡಿದಳು. ಗೋಡೆಗೆ ಸರಿದು ದಾರಿ ಬಿಟ್ಟಳು.